ಮನೆ ಹಿಡಿಯುವ ಮುನ್ನ ಶಾಲೆಯನ್ನು ನೋಡುವ ಬಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ಅಮೆರಿಕದಲ್ಲಿ ಕೆಲಸ ಸಿಕ್ಕಿ ಮಕ್ಕಳೊಡನೆ ಹೊರಟು ನಿಂತ ಕನ್ನಡ ಕುಟುಂಬಗಳಿಂದ, ಅಲ್ಲಿಯೇ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಮನೆ ಬದಲಿಸುವವರಿಂದ ನನಗೆ ಮತ್ತೆ ಮತ್ತೆ ಬರುವ ಪ್ರಶ್ನೆ ಒಂದೇ: ‘ಯಾವ ಕೌಂಟಿಯಲ್ಲಿ ಮನೆ ಹಿಡಿದರೆ ಮಕ್ಕಳ ಓದಿಗೆ ಒಳ್ಳೆಯದು?’ ವಾಷಿಂಗ್ಟನ್ ನಗರದ ಸುತ್ತಮುತ್ತ, ಮೊದಲು ಮೇರಿಲ್ಯಾಂಡ್‌ನಲ್ಲಿ, ಆಮೇಲೆ ಪೊಟೊಮ್ಯಾಕ್ ನದಿಯ ಆಚೆ ವರ್ಜೀನಿಯದಲ್ಲಿ ಇಬ್ಬರು ಮಕ್ಕಳನ್ನು ಅಲ್ಲಿನ ಸರ್ಕಾರಿ ಶಾಲೆಗಳಿಗೆ ಸೇರಿಸಿ ಓದಿಸಿದವಳು ನಾನು. ಮೊದಲ ಸಲ ನಾನು ಶಾಲೆಯನ್ನು ಅಳೆದದ್ದು ತಪ್ಪಾಗಿತ್ತು. ಆ ತಪ್ಪಿನಿಂದ ಕಲಿತದ್ದನ್ನು ಹೊಸದಾಗಿ ಹೊರಟವರ ಮುಂದೆ ಇಡಬೇಕೆಂದು ಈ ಮಾತುಗಳನ್ನು ಆಡುತ್ತಿದ್ದೇನೆ.

ಮೊದಲಿಗೆ ಒಂದು ಪದದ ವಿಚಾರ. ನಮ್ಮ ಊರುಗಳಲ್ಲಿ ಗೇಟಿನ ಮೇಲೆ ‘ಪಬ್ಲಿಕ್ ಸ್ಕೂಲ್’ ಎಂದು ಬರೆದಿದ್ದರೆ ಅದು ಬಹುಮಟ್ಟಿಗೆ ಶುಲ್ಕ ತೆಗೆದುಕೊಳ್ಳುವ ಖಾಸಗಿ ಶಾಲೆ. ಅಮೆರಿಕದಲ್ಲಿ ಅದೇ ಪದಕ್ಕೆ ತೆರಿಗೆಯ ಹಣದಲ್ಲಿ ನಡೆಯುವ, ಆ ಪ್ರದೇಶದಲ್ಲಿ ವಾಸವಿರುವ ಯಾವ ಮಗುವಿಗೂ ಶುಲ್ಕವಿಲ್ಲದ ಸರ್ಕಾರಿ ಶಾಲೆ ಎಂಬ ಅರ್ಥ. ವಲಸೆಯ ಕಾಗದಪತ್ರ ಹೇಗೇ ಇರಲಿ, ಮಗುವಿಗೆ ಬಾಗಿಲು ಮುಚ್ಚುವಂತಿಲ್ಲ ಎಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 1982ರಲ್ಲಿಯೇ ತೀರ್ಪು ಕೊಟ್ಟಿದೆ. ಇನ್ನು ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆಯಂತೆ. ಆದರೆ ಶಾಲೆಗಳನ್ನು ನಡೆಸುವುದು ಎಲ್ಲ ಕಡೆಯೂ ಕೌಂಟಿಯೇ ಎಂದು ತಿಳಿಯಬಾರದು. ಮೇರಿಲ್ಯಾಂಡ್‌ನಲ್ಲಿ 23 ಕೌಂಟಿಗಳಿಗೂ ಬಾಲ್ಟಿಮೋರ್ ನಗರಕ್ಕೂ ಒಂದೊಂದು ಶಾಲಾ ವ್ಯವಸ್ಥೆಯಿದ್ದು, ಒಟ್ಟು 24 ಆಗುತ್ತವೆ. ಫ್ಲಾರಿಡಾದಲ್ಲಿಯೂ 67 ಕೌಂಟಿಗಳಿಗೆ 67 ವ್ಯವಸ್ಥೆಗಳು. ನ್ಯೂಜೆರ್ಸಿ, ಟೆಕ್ಸಸ್, ಕ್ಯಾಲಿಫೋರ್ನಿಯಗಳಲ್ಲಾದರೋ ಒಂದೇ ಕೌಂಟಿಯೊಳಗೆ ಹಲವು ಶಾಲಾ ಜಿಲ್ಲೆಗಳು, ಅಂದರೆ ತಂತಮ್ಮದೇ ಆಡಳಿತವುಳ್ಳ ಶಾಲಾ ವ್ಯವಸ್ಥೆಗಳು, ಇರುತ್ತವೆ. ಅಲ್ಲಿ ‘ಈ ಕೌಂಟಿಯ ಶಾಲೆಗಳು’ ಎಂಬ ಮಾತಿಗೇ ಖಚಿತವಾದ ಅರ್ಥವಿಲ್ಲ.

ಕೌಂಟಿಯೇ ಶಾಲೆ ನಡೆಸುವ ಕಡೆಯಲ್ಲಿಯೂ ‘ಒಳ್ಳೆಯ ಕೌಂಟಿ’ ಎಂಬ ಮಾತು ಬಹಳ ದೂರ ಕರೆದೊಯ್ಯುವುದಿಲ್ಲ. ವರ್ಜೀನಿಯದ ಫೇರ್‌ಫ್ಯಾಕ್ಸ್ ಕೌಂಟಿಯ ಶಾಲೆಗಳಲ್ಲಿ ಸುಮಾರು 1,80,000 ಮಕ್ಕಳು ಓದುತ್ತಾರೆ. ಮೇರಿಲ್ಯಾಂಡ್‌ನ ಮಾಂಟ್ಗೊಮೆರಿ ಕೌಂಟಿಯಲ್ಲಿ 200ಕ್ಕೂ ಹೆಚ್ಚು ಶಾಲೆಗಳಿವೆ. ಇಷ್ಟು ದೊಡ್ಡ ವ್ಯವಸ್ಥೆಗೆ ಒಂದೇ ಸರಾಸರಿ ಹೇಳುವುದು, ಕರ್ನಾಟಕದ ಸರಾಸರಿ ಮಳೆಯನ್ನು ನೋಡಿ ಆಗುಂಬೆಗೂ ಚಿತ್ರದುರ್ಗಕ್ಕೂ ಒಂದೇ ಛತ್ರಿ ಕೊಂಡ ಹಾಗೆ. ನಿಮ್ಮ ಮಗು ಹೋಗುವುದು ಕೌಂಟಿಗಲ್ಲ, ಒಂದು ಶಾಲೆಗೆ. ಯಾವ ಶಾಲೆಗೆ ಎಂಬುದನ್ನು ಬಹುಮಟ್ಟಿಗೆ ನಿಮ್ಮ ಮನೆಯ ವಿಳಾಸ ನಿರ್ಧರಿಸುತ್ತದೆ.

ಈ ವಿಳಾಸದ ವಿಷಯದಲ್ಲಿ ಓದಿದವರೂ ಎಡವುತ್ತಾರೆ. ವರ್ಜೀನಿಯದ ಫಾಲ್ಸ್ ಚರ್ಚ್ ಎಂಬುದು ಸುಮಾರು ಎರಡು ಚದರ ಮೈಲಿಯಷ್ಟೇ ಇರುವ, ತನ್ನದೇ ಶಾಲಾ ವ್ಯವಸ್ಥೆಯುಳ್ಳ ಸ್ವತಂತ್ರ ನಗರ. ಆದರೆ ಅಂಚೆ ಇಲಾಖೆ ಕೊಡುವ ‘ಫಾಲ್ಸ್ ಚರ್ಚ್’ ಎಂಬ ವಿಳಾಸ ಆ ನಗರದ ಗಡಿಯನ್ನು ದಾಟಿ ಫೇರ್‌ಫ್ಯಾಕ್ಸ್ ಕೌಂಟಿಯೊಳಗೆ ಬಹುದೂರ ಹಬ್ಬಿದೆ. ಆ ನಗರದ ಶಾಲೆಗೆಂದೇ ಹೆಚ್ಚು ಬಾಡಿಗೆ ಕೊಟ್ಟು ಮನೆ ಹಿಡಿದವರು, ಮಗುವನ್ನು ಸೇರಿಸಲು ಹೋದ ದಿನ, ಮನೆ ಬೇರೆ ವ್ಯವಸ್ಥೆಯೊಳಗಿದೆ ಎಂದು ತಿಳಿದು ಪೆಚ್ಚಾಗಬಾರದು. ಹತ್ತಿರದ ಫೇರ್‌ಫ್ಯಾಕ್ಸ್ ನಗರದ ಕಥೆ ಇದಕ್ಕೆ ತಿರುಗುಮುರುಗು: ಶಾಲಾ ಕಟ್ಟಡಗಳು ನಗರದ್ದು, ನಡೆಸುವುದು ಒಪ್ಪಂದದ ಮೇಲೆ ಕೌಂಟಿ. ಆದ್ದರಿಂದ ಮನೆ ತೋರಿಸುವ ಏಜೆಂಟರ ಮಾತನ್ನಾಗಲಿ ಜಾಹೀರಾತಿನಲ್ಲಿ ಬರೆದಿರುವ ಶಾಲೆಯ ಹೆಸರನ್ನಾಗಲಿ ನಂಬದೆ, ಶಾಲಾ ವ್ಯವಸ್ಥೆಯ ಸ್ವಂತ ಜಾಲತಾಣದಲ್ಲಿ ಮನೆಯ ಸಂಖ್ಯೆ, ಬೀದಿಯ ಹೆಸರು ಕೊಟ್ಟು ಪ್ರಾಥಮಿಕ, ಮಾಧ್ಯಮಿಕ, ಪ್ರೌಢ ಈ ಮೂರು ಹಂತದ ಶಾಲೆಗಳೂ ಯಾವುವೆಂದು ನೋಡಿ ಬರೆದಿಟ್ಟುಕೊಳ್ಳಬೇಕು.

ಇನ್ನು ಅಂಕಿಯ ವಿಚಾರಕ್ಕೆ ಬರುತ್ತೇನೆ. ಮನೆ ಹುಡುಕುವ ಜಾಲತಾಣಗಳಲ್ಲಿ ಪ್ರತಿ ಶಾಲೆಯ ಪಕ್ಕದಲ್ಲಿ ಒಂದರಿಂದ ಹತ್ತರವರೆಗಿನ ಒಂದು ಅಂಕಿ ಕಾಣುತ್ತದೆ. ಗ್ರೇಟ್‌ಸ್ಕೂಲ್ಸ್ ಎಂಬ, ಲಾಭದ ಉದ್ದೇಶವಿಲ್ಲದ ಸಂಸ್ಥೆ ಕೊಡುವ ರೇಟಿಂಗ್ ಅದು. ನಾವು ಬೆಂಗಳೂರಿನಿಂದ ಹೊರಡುವ ಮೊದಲು, ರಾತ್ರಿ ಹನ್ನೊಂದರವರೆಗೆ ಕುಳಿತು, ಒಂಬತ್ತು, ಹತ್ತು ಇರುವ ಶಾಲೆಗಳನ್ನಷ್ಟೇ ಆರಿಸಿ, ಉಳಿದ ಮನೆಗಳನ್ನೆಲ್ಲ ಪಟ್ಟಿಯಿಂದ ಹೊಡೆದುಹಾಕಿದೆವು. ಆ ಅಂಕಿಯ ಬಹುಪಾಲು ಹುಟ್ಟುವುದು ಪರೀಕ್ಷೆಯ ಫಲಿತಾಂಶದಿಂದ. ಪರೀಕ್ಷೆಯ ಫಲಿತಾಂಶಕ್ಕೂ ಮನೆಯ ವರಮಾನಕ್ಕೂ, ತಂದೆತಾಯಿಯರ ಓದಿಗೂ ಇರುವ ನಂಟು ಅಲ್ಲಿನ ವಿದ್ವಾಂಸರಿಗೆ ಹೊಸದಲ್ಲ. ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್ಮನ್ ನೇತೃತ್ವದಲ್ಲಿ 1966ರಲ್ಲಿ ಹೊರಬಂದ ಸರ್ಕಾರಿ ವರದಿಯೇ ಶಾಲೆಯ ಸೌಕರ್ಯಗಳಿಗಿಂತ ಮನೆಯ ಹಿನ್ನೆಲೆ ಹೆಚ್ಚು ಪ್ರಭಾವ ಬೀರುತ್ತದೆ ಎಂದು ಹೇಳಿತ್ತು. ಹತ್ತು ಎಂಬ ಅಂಕಿ ಅನೇಕ ವೇಳೆ ತಿಳಿಸುವುದು ಆ ಶಾಲೆಯ ಸುತ್ತ ಯಾರು ವಾಸವಾಗಿದ್ದಾರೆ ಎಂಬುದನ್ನು. ಶಾಲೆ ಏನು ಕಲಿಸಿತು ಎಂಬುದು ಬೇರೆಯೇ ಪ್ರಶ್ನೆ.

ಹೀಗೆ ಊಹಿಸಿಕೊಳ್ಳಿ. ಒಂದು ಶಾಲೆಯಲ್ಲಿ ನೂರಕ್ಕೆ 85 ಮಕ್ಕಳು ಗಣಿತದಲ್ಲಿ ನಿಗದಿತ ಮಟ್ಟ ಮುಟ್ಟಿದ್ದಾರೆ. ಆದರೆ ಅವರಲ್ಲಿ ಹೆಚ್ಚಿನವರು ಶಾಲೆಗೆ ಬರುವಾಗಲೇ ಆ ಮಟ್ಟದಲ್ಲಿದ್ದವರು, ಸಂಜೆ ಖಾಸಗಿ ಪಾಠಕ್ಕೆ ಹೋಗುವವರು. ಇನ್ನೊಂದು ಶಾಲೆಯಲ್ಲಿ ನೂರಕ್ಕೆ 60 ಮಕ್ಕಳು ಮಾತ್ರ ಆ ಮಟ್ಟದಲ್ಲಿದ್ದಾರೆ. ಆದರೆ ಹಿಂದಿನ ವರ್ಷ ಹಿಂದುಳಿದಿದ್ದ ಮಕ್ಕಳು ಒಂದೇ ವರ್ಷದಲ್ಲಿ ಒಂದೂವರೆ ವರ್ಷದಷ್ಟು ಮುಂದೆ ಬಂದಿದ್ದಾರೆ. ಕಲಿಸುವ ಶಾಲೆ ಎರಡನೆಯದು. ಈ ಮುನ್ನಡೆಯನ್ನು ಅಳೆಯುವ ಲೆಕ್ಕ ಬಹಳಷ್ಟು ರಾಜ್ಯಗಳ ವರದಿಗಳಲ್ಲಿಯೇ ಸಿಗುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಾನ್ ರಿಯರ್ಡನ್ ಇಡೀ ದೇಶದ ಶಾಲಾ ಜಿಲ್ಲೆಗಳ ಲೆಕ್ಕ ಹಾಕಿದಾಗ, ಬಡ ಮಕ್ಕಳೇ ಹೆಚ್ಚಿರುವ ಶಿಕಾಗೊ ನಗರದ ಶಾಲೆಗಳಲ್ಲಿ, 2009ರಿಂದ 2014ರ ನಡುವೆ, ಮೂರನೆಯ ತರಗತಿಯಿಂದ ಎಂಟನೆಯದಕ್ಕೆ ಬರುವ ಐದು ವರ್ಷಗಳಲ್ಲಿ ಮಕ್ಕಳು ಸರಾಸರಿ ಆರು ವರ್ಷಗಳಷ್ಟು ಕಲಿತಿದ್ದರೆಂದು ಕಂಡಿತು. ಬರಿಯ ಉತ್ತೀರ್ಣರ ಪ್ರಮಾಣವನ್ನು ನೋಡಿದವರಿಗೆ ಈ ಕಲಿಕೆ ಕಾಣಿಸುತ್ತಲೇ ಇರಲಿಲ್ಲ.

ಇದರ ಜೊತೆಗೆ ಒಂದು ಎಚ್ಚರ. ಮೇರಿಲ್ಯಾಂಡ್‌ನ ಶೇಕಡಾವಾರನ್ನು ವರ್ಜೀನಿಯದ ಶೇಕಡಾವಾರಿನ ಪಕ್ಕದಲ್ಲಿಟ್ಟು ಹೋಲಿಸಬೇಡಿ. ಪ್ರತಿ ರಾಜ್ಯದ ಪರೀಕ್ಷೆ ಬೇರೆ, ಉತ್ತೀರ್ಣದ ಗೆರೆ ಬೇರೆ. ಎಸ್ಸೆಸ್ಸೆಲ್ಸಿಯ ಅಂಕವನ್ನು ಸಿಬಿಎಸ್‌ಇ ಅಂಕದೊಡನೆ ನೇರವಾಗಿ ಹೋಲಿಸಲಾಗದು ಎಂಬುದು ನಮಗೆ ಗೊತ್ತಿರುವ ವಿಷಯವೇ. ನಾಲ್ಕನೆಯ ಹಾಗೂ ಎಂಟನೆಯ ತರಗತಿಯ ಆಯ್ದ ಮಕ್ಕಳಿಗೆ ದೇಶದಾದ್ಯಂತ ನಡೆಸುವ ರಾಷ್ಟ್ರೀಯ ಮೌಲ್ಯಮಾಪನದೊಡನೆ ಹೋಲಿಸಿ ನೋಡಿದಾಗ, ವರ್ಜೀನಿಯದ ಗೆರೆ ದೇಶದಲ್ಲಿಯೇ ತಗ್ಗಿನ ಗೆರೆಗಳಲ್ಲಿ ಒಂದೆಂದು ತಿಳಿದುಬಂದಿತ್ತು.

2015ರ ಶಿಕ್ಷಣ ಕಾಯಿದೆಯ ಪ್ರಕಾರ ಪ್ರತಿ ರಾಜ್ಯವೂ ತನ್ನ ಪ್ರತಿ ಸರ್ಕಾರಿ ಶಾಲೆಯ ವರದಿಯನ್ನು ಸಾರ್ವಜನಿಕರ ಮುಂದೆ ಇಡಬೇಕು. ಮೂರರಿಂದ ಎಂಟನೆಯ ತರಗತಿಯವರೆಗೆ ಪ್ರತಿ ವರ್ಷ, ಪ್ರೌಢಶಾಲೆಯಲ್ಲಿ ಒಮ್ಮೆ, ಓದು ಮತ್ತು ಗಣಿತದ ಪರೀಕ್ಷೆ ನಡೆಯುತ್ತದೆ. ವರದಿಯ ಮೊದಲ ಪುಟದ ಒಟ್ಟು ಅಂಕಿಗೆ ನಿಲ್ಲದೆ ಒಳಗೆ ಹೋದರೆ, ಬಡ ಕುಟುಂಬದ ಮಕ್ಕಳು, ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳು, ವಿಶೇಷ ಶಿಕ್ಷಣದ ನೆರವು ಪಡೆಯುವ ಮಕ್ಕಳು ಹೀಗೆ ಗುಂಪುಗುಂಪಾಗಿ ಫಲಿತಾಂಶ ಬಿಡಿಸಿಟ್ಟಿರುತ್ತಾರೆ. ನನ್ನ ಮಟ್ಟಿಗೆ ಶಾಲೆಯ ನಿಜವಾದ ಗುಣ ತೋರುವುದು ಆ ಒಳಪುಟಗಳಲ್ಲಿ. ಶಾಲೆಯ ದಿನಗಳಲ್ಲಿ ನೂರಕ್ಕೆ ಹತ್ತು ಅಥವಾ ಅದಕ್ಕಿಂತ ಹೆಚ್ಚು ದಿನ ತಪ್ಪಿಸುವ ಮಕ್ಕಳು ಎಷ್ಟು ಎಂಬ ಲೆಕ್ಕವೂ ಅಲ್ಲಿರುತ್ತದೆ. ಅದು ಏರುತ್ತ ಹೋಗುತ್ತಿದ್ದರೆ ಕಾರಣ ಕೇಳಲೇಬೇಕು.

ಒಳಪುಟಗಳ ಬೆಲೆ ನನಗೆ ತಿಳಿದದ್ದು ಮಗನಿಂದ. ಆರು ವರ್ಷದ ಅವನಿಗೆ ಮಾತು ತಡವರಿಸುತ್ತಿತ್ತು. ನಾವು ಅಂಕಿ ನೋಡಿ ಆರಿಸಿದ, ಎಲ್ಲರೂ ಹೊಗಳುತ್ತಿದ್ದ ಆ ಶಾಲೆ, ‘ಎರಡು ಭಾಷೆಯ ಮನೆ, ತಾನೇ ಸರಿಹೋಗುತ್ತದೆ’ ಎಂದು ತಿಂಗಳುಗಟ್ಟಲೆ ಮುಂದೂಡಿತು. ಅಂಗವೈಕಲ್ಯ ಅಥವಾ ಕಲಿಕೆಯ ತೊಡಕುಳ್ಳ ಮಗುವಿಗೆ ಅಗತ್ಯವಾದ ಶಿಕ್ಷಣವನ್ನು ಉಚಿತವಾಗಿ ಕೊಡಬೇಕೆಂದು 1975ರಿಂದಲೂ ಅಲ್ಲಿ ಕಾನೂನಿದೆ. ಮೌಲ್ಯಮಾಪನಕ್ಕೆ ಕಾಲದ ಮಿತಿಯಿದೆ. ಅರ್ಹವಾದ ಮಗುವಿಗೆ ಐಇಪಿ ಎಂಬ ವೈಯಕ್ತಿಕ ಶಿಕ್ಷಣ ಯೋಜನೆ ಬರೆದುಕೊಡಬೇಕು. ಪತ್ರದ ಮೂಲಕ ಕೇಳಬೇಕೆಂಬುದು ನನಗೆ ಗೊತ್ತಿರಲಿಲ್ಲ. ಬಾಯಿಮಾತಿನಲ್ಲಿ ಕೇಳಿ ಕೇಳಿ ಒಂದು ಇಡೀ ವರ್ಷ ಕಳೆದುಕೊಂಡೆವು. ಆ ವರ್ಷವನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಇಂಥ ಅಗತ್ಯವುಳ್ಳ ಮಗು ನಿಮಗಿದ್ದರೆ, ಮಾತಿನ ಚಿಕಿತ್ಸಕರು ಆ ಶಾಲೆಯಲ್ಲಿ ವಾರಕ್ಕೆ ಎಷ್ಟು ದಿನ ಇರುತ್ತಾರೆ ಎಂಬ ಪ್ರಶ್ನೆಯನ್ನು ಮನೆ ಹಿಡಿಯುವ ಮೊದಲೇ ಕೇಳಿ.

ಇದೇ ಸಂದರ್ಭದಲ್ಲಿ, ನಮ್ಮವರಲ್ಲಿ ಅನೇಕರು ಮಾಡುವ ಒಂದು ಕೆಲಸದ ಬಗ್ಗೆ ಹೇಳಬೇಕು. ಶಾಲೆಗೆ ಸೇರಿಸುವಾಗ ಮನೆಯಲ್ಲಿ ಆಡುವ ಭಾಷೆ ಯಾವುದೆಂದು ಕೇಳುವ ಒಂದು ನಮೂನೆ ಕೊಡುತ್ತಾರೆ. ಕನ್ನಡ ಎಂದು ಬರೆದರೆ ಮಗುವನ್ನು ಹಿಂದಿನ ಬೆಂಚಿಗೆ ಹಾಕುತ್ತಾರೆಂದು ಹೆದರಿ, ಇಂಗ್ಲಿಷ್ ಎಂದು ಬರೆಯುವ ತಂದೆತಾಯಿಯರಿದ್ದಾರೆ. ದಯವಿಟ್ಟು ಹಾಗೆ ಬರೆಯಬೇಡಿ. ಮಗುವಿನ ಇಂಗ್ಲಿಷ್ ಎಷ್ಟಿದೆಯೆಂದು ಚಿಕ್ಕ ಪರೀಕ್ಷೆ ಮಾಡುತ್ತಾರೆ. ಚೆನ್ನಾಗಿದ್ದರೆ ಅಲ್ಲಿಗೆ ಮುಗಿಯಿತು, ಇಲ್ಲದಿದ್ದರೆ ನೆರವು ಸಿಗುತ್ತದೆ. ಆ ನೆರವು ಕಾನೂನು ಕೊಟ್ಟ ಹಕ್ಕು.

ಕೌಂಟಿಯ ಮಟ್ಟದಲ್ಲಿ ನೋಡಬೇಕಾದ ಕಾಗದಗಳೂ ಇವೆ. ಕಟ್ಟಡಗಳ ಬಂಡವಾಳ ಯೋಜನೆಯಲ್ಲಿ ಪ್ರತಿ ಶಾಲೆಯ ಸಾಮರ್ಥ್ಯ ಎಷ್ಟು, ಈಗ ಎಷ್ಟು ಮಕ್ಕಳಿದ್ದಾರೆ, ಐದು ವರ್ಷಕ್ಕೆ ಎಷ್ಟಾಗಬಹುದು ಎಂಬ ಅಂದಾಜು ಇರುತ್ತದೆ. ಸಾಮರ್ಥ್ಯ ಮೀರಿದ ಶಾಲೆಯ ಹಿಂದೆ, ಆಟದ ಬಯಲಿನ ಅಂಚಿನಲ್ಲಿ, ಚಕ್ರದ ಮೇಲೆ ತಂದಿಟ್ಟ ತಾತ್ಕಾಲಿಕ ಕೊಠಡಿಗಳು ಸಾಲಾಗಿ ನಿಂತಿರುತ್ತವೆ. ಅವುಗಳಿಗಿಂತ ಮುಖ್ಯವಾದದ್ದು ಆಮೇಲೆ ಬರುವ ಗಡಿ ಬದಲಾವಣೆ. ತುಂಬಿ ತುಳುಕುವ ಶಾಲೆಯಿಂದ ಕೆಲವು ಬೀದಿಗಳನ್ನು ತೆಗೆದು ಪಕ್ಕದ ಶಾಲೆಗೆ ಸೇರಿಸುತ್ತಾರೆ. ಶಾಲೆಗಾಗಿಯೇ ಸಾಲ ಮಾಡಿ ಕೊಂಡ ಮನೆ ಮರುವರ್ಷ ಬೇರೆ ಶಾಲೆಯ ಗಡಿಯೊಳಗೆ ಬೀಳಬಹುದು. ಶಾಲಾ ಮಂಡಳಿಯ ಸಭೆಗಳು ಸಾರ್ವಜನಿಕರಿಗೆ ತೆರೆದಿರುತ್ತವೆ, ಅವುಗಳ ದೃಶ್ಯಮುದ್ರಣವನ್ನು ಮನೆಯಲ್ಲಿ ಕುಳಿತೇ ನೋಡಬಹುದು. ಎರಡು ಸಭೆ ನೋಡಿದರೆ ಸಾಕು, ಗಡಿಯ ಚರ್ಚೆ ನಡೆಯುತ್ತಿದೆಯೇ, ಆಯವ್ಯಯದಲ್ಲಿ ಶಿಕ್ಷಕರ ಹುದ್ದೆ ಕಡಿತವಾಗುತ್ತಿದೆಯೇ ಎಂಬುದು ತಿಳಿಯುತ್ತದೆ. ವರ್ಜೀನಿಯದಲ್ಲಿ ಶಾಲಾ ಮಂಡಳಿಗೆ ತೆರಿಗೆ ಹಾಕುವ ಅಧಿಕಾರವಿಲ್ಲ; ಹಣಕ್ಕೆ ಕೌಂಟಿಯ ಆಡಳಿತ ಮಂಡಳಿಯನ್ನೇ ನೆಚ್ಚಬೇಕು. ಆದ್ದರಿಂದ ವಸಂತದ ತಿಂಗಳುಗಳಲ್ಲಿ ಈ ಎರಡು ಮಂಡಳಿಗಳ ನಡುವಿನ ಮಾತುಕತೆ ಮುಂದಿನ ವರ್ಷದ ತರಗತಿಯ ಗಾತ್ರವನ್ನು ನಿರ್ಧರಿಸುತ್ತದೆ.

ಪ್ರೌಢಶಾಲೆಯ ಮಕ್ಕಳಿರುವವರು ಗಣಿತದ ದಾರಿಯನ್ನು ಮಾತ್ರ ಮೊದಲೇ ವಿಚಾರಿಸಲಿ. ಬೀಜಗಣಿತವನ್ನು ಯಾವ ತರಗತಿಯಲ್ಲಿ ಆರಂಭಿಸುತ್ತಾರೆ, ಭಾರತದ ಅಂಕಪಟ್ಟಿಗೆ ಎಷ್ಟು ಮಾನ್ಯತೆ ಕೊಡುತ್ತಾರೆ ಎಂಬುದರ ಮೇಲೆ ಮುಂದಿನ ನಾಲ್ಕು ವರ್ಷ ನಿಂತಿರುತ್ತದೆ. ಫೇರ್‌ಫ್ಯಾಕ್ಸ್‌ನ ಥಾಮಸ್ ಜೆಫರ್ಸನ್ ವಿಜ್ಞಾನ ಪ್ರೌಢಶಾಲೆಯ ಹೆಸರು ನಮ್ಮವರ ಬಾಯಲ್ಲಿ ಸದಾ ಇರುತ್ತದೆ. ಅದಕ್ಕೆ ಪ್ರವೇಶ ಆಯ್ಕೆಯಿಂದ. ಆಯ್ಕೆಯ ನಿಯಮವನ್ನು 2020ರಲ್ಲಿ ಬದಲಿಸಿ ಪ್ರವೇಶ ಪರೀಕ್ಷೆಯನ್ನು ಕೈಬಿಟ್ಟರು. ಆ ಒಂದು ಶಾಲೆಯ ಆಸೆಗೆ ಇಡೀ ಮನೆಯ ನೆಲೆಯನ್ನು ಕಟ್ಟಬಾರದು ಎಂಬುದು ನನ್ನ ಅಭಿಪ್ರಾಯ.

ಕೊನೆಗೆ, ಸಾಧ್ಯವಾದರೆ ಮುಂಚಿತವಾಗಿ ಸಮಯ ಕೇಳಿಕೊಂಡು, ಮಕ್ಕಳು ತರಗತಿಯಲ್ಲಿರುವ ದಿನವೇ ಶಾಲೆಗೆ ಹೋಗಿ ನೋಡಿ. ಬೇಸಿಗೆ ರಜೆಯಲ್ಲಿ ಹೋದರೆ ಕಾಣುವುದು ಖಾಲಿ ಕಟ್ಟಡ. ವರ್ಜೀನಿಯಕ್ಕೆ ಹೋಗುವ ಮುನ್ನ ನಾವು ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ, ರೇಟಿಂಗ್ ಆರು ಇದ್ದ ಒಂದು ಪ್ರಾಥಮಿಕ ಶಾಲೆಗೆ ಮಗಳೊಡನೆ ಹೋಗಿದ್ದೆವು. ಗುರುತಿನ ಚೀಟಿ ತೋರಿಸಿ ಒಳಗೆ ಹೋದಾಗ, ನಾಲ್ಕನೆಯ ತರಗತಿಯ ಹೊರಗೋಡೆಯ ಮೇಲೆ ಚೆಸಪೀಕ್ ಕೊಲ್ಲಿಯ ಬಗ್ಗೆ ಮಕ್ಕಳು ಬರೆದ ಹಾಳೆಗಳಿದ್ದವು. ಪ್ರತಿ ಮಗುವಿನದೂ ಎರಡೆರಡು ಹಾಳೆ. ಕೆಳಗಿನದು ಮೊದಲ ಬರಹ, ಅದರ ಅಂಚಿನಲ್ಲಿ ಶಿಕ್ಷಕಿ ಪೆನ್ಸಿಲಿನಲ್ಲಿ ಕೇಳಿದ ಪ್ರಶ್ನೆಗಳು. ಮೇಲಿನದು ಆ ಪ್ರಶ್ನೆಗಳಿಗೆ ಉತ್ತರ ಹುಡುಕಿ ಮಗು ಮತ್ತೆ ಬರೆದದ್ದು. ಒಂದು ಹಾಳೆಯಲ್ಲಿ ‘ಸಿಂಪಿಗಳು ನೀರನ್ನು ಶುದ್ಧ ಮಾಡುತ್ತವೆ’ ಎಂಬ ಸಾಲಿನ ಪಕ್ಕದಲ್ಲಿ ‘ಹೇಗೆ?’ ಎಂದಷ್ಟೇ ಇತ್ತು. ಮೇಲಿನ ಹಾಳೆಯಲ್ಲಿ ಆ ‘ಹೇಗೆ’ ಎಂಬುದಕ್ಕೆ ಐದು ಸಾಲು ಬೆಳೆದಿತ್ತು, ಪಕ್ಕದಲ್ಲೊಂದು ಚಿತ್ರವೂ ಇತ್ತು. ಮಗಳು ಒಂದೊಂದನ್ನೂ ನಿಂತು ಓದುತ್ತಿದ್ದಳು. ಮುಂದೆ ಹೋಗೋಣ ಎಂದರೂ ಬರಲಿಲ್ಲ. ಬಾಡಿಗೆ ಕರಾರಿಗೆ ನಾವು ಸಹಿ ಹಾಕಿದ್ದು ಅಂದಿನ ಸಂಜೆ.

ನಮಸ್ಕಾರ.