ಉಪಗ್ರಹ ನಕ್ಷೆಯಲ್ಲಿ ಮಳೆಗಾಲವೇ ಇಲ್ಲ

ನಮಸ್ಕಾರ. ಗೂಗಲ್ ಅರ್ಥ್ ತೆರೆದು ಜೋಗ ಹುಡುಕಿ. ಹೆಚ್ಚಾಗಿ ಕಾಣುವುದು ಬರೀ ಬಂಡೆ. ರಾಜ, ರಾಣಿ, ರೋರರ್, ರಾಕೆಟ್ ನಾಲ್ವರೂ ರಜೆ ಹಾಕಿ ಹೋದ ಹಾಗಿರುತ್ತದೆ. ಪಕ್ಕದ ಲಿಂಗನಮಕ್ಕಿಗೆ ಬನ್ನಿ. ನೀರಿನ ಸುತ್ತ ಕೆಂಪು ಮಣ್ಣಿನ ಅಂಚು, ಹಿನ್ನೀರಿನ ದ್ವೀಪಗಳಿಗೂ ಅದೇ ಅಂಚು. ಮಲೆನಾಡು ಅಂದರೆ ಇದೇನಾ ಅನ್ನಿಸುತ್ತದೆ.

ತಪ್ಪು ಸಾಫ್ಟ್‌ವೇರ್‌ದಲ್ಲ. ಮೋಡ ಮುಚ್ಚಿದ ಫೋಟೋ ನೋಡುವವರಿಗೂ ಬೇಡ, ಹಾಕುವವರಿಗೂ ಬೇಡ. 2013ರಲ್ಲಿ ಗೂಗಲ್, ಅಮೆರಿಕದ ಉಪಗ್ರಹ ಲ್ಯಾಂಡ್‌ಸ್ಯಾಟ್ 7ರ ರಾಶಿ ರಾಶಿ ಚಿತ್ರಗಳಿಂದ ಮೋಡವಿಲ್ಲದ ಚುಕ್ಕೆಗಳನ್ನೇ ಆರಿಸಿ, ಒಂದಕ್ಕೊಂದು ಜೋಡಿಸಿ, ಇಡೀ ಭೂಮಿಯ ಚಿತ್ರ ಮಾಡಿತು. ನೋಡಲು ಅದ್ಭುತ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡದಡಿಯೇ ಇರುವ ಆಗುಂಬೆಯಂಥ ಊರಿಗೆ ಆ ಆಯ್ಕೆಯಲ್ಲಿ ಸಿಗುವುದು ಬೇಸಿಗೆ ಮುಖವೇ ಅಲ್ವಾ?

ಇನ್ನೊಂದು ವಿಷಯ. ಲ್ಯಾಂಡ್‌ಸ್ಯಾಟ್, ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು ನಮ್ಮ ತಲೆಯ ಮೇಲೆ ಹಾದುಹೋಗುವುದು ಬೆಳಗ್ಗೆ 10, 10.30ರ ಆಸುಪಾಸಿಗೆ. ಪ್ರತಿ ಸಲವೂ ಅದೇ ಹೊತ್ತು. ಚಳಿಗಾಲದ ಚಿತ್ರದಲ್ಲಿ ಬಿಸಿಲು ಆಗ್ನೇಯದಿಂದ ಬೀಳುತ್ತದೆ, ನೆರಳು ವಾಯವ್ಯಕ್ಕೆ. ನಕ್ಷೆಯಲ್ಲಿ ಆಗ್ನೇಯ ಇರುವುದು ಕೆಳಗಡೆ. ನಮ್ಮ ಕಣ್ಣಿಗೋ ಬೆಳಕು ಚಿತ್ರದ ಮೇಲ್ಗಡೆಯಿಂದ ಬರುವುದೇ ಅಭ್ಯಾಸ. ಹಾಗಾಗಿ ಶರಾವತಿ ಕಣಿವೆ ಒಮ್ಮೊಮ್ಮೆ ಗುಡ್ಡದ ಸಾಲಿನಂತೆ ಉಬ್ಬಿ ಕಾಣುತ್ತದೆ. ನಕ್ಷೆಯನ್ನು ತಲೆಕೆಳಗು ತಿರುಗಿಸಿ, ತಟ್ಟನೆ ಕಣಿವೆ ಕಣಿವೆಯಾಗುತ್ತದೆ. ಮಕ್ಕಳಿಗೆ ತೋರಿಸಿ, ಮಜಾ ಇರುತ್ತದೆ.

ಈ ಸಾಫ್ಟ್‌ವೇರ್‌ನ ಹೆಸರು ಮಾಡಿದ ದೃಶ್ಯಗಳನ್ನು ನೆನಪಿಸಿಕೊಳ್ಳಿ. ಬತ್ತಿಹೋದ ಅರಾಲ್ ಸಮುದ್ರ, ದುಬೈನ ತಾಳೆ ಮರದ ದ್ವೀಪ, ಮರುಭೂಮಿ ನುಂಗುತ್ತಾ ಬೆಳೆದ ಲಾಸ್ ವೇಗಾಸ್. 1984ರಿಂದ ಶುರುವಾಗಿ ವರ್ಷ ವರ್ಷದ ಚಿತ್ರಗಳನ್ನು ವಿಡಿಯೊದಂತೆ ಓಡಿಸುವ ಟೈಮ್‌ಲ್ಯಾಪ್ಸ್‌ನಲ್ಲಿ ಇವನ್ನು ನೋಡುತ್ತಾ ಕೂತರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಎಲ್ಲವೂ ಒಣ ಸೀಮೆಗಳು, ಗಮನಿಸಿ. ಆಕಾಶ ತಿಳಿಯಾಗಿರುವ ಕಡೆ ಈ ಕ್ಯಾಮೆರಾ ಸುಳ್ಳು ಹೇಳುವುದು ಕಡಿಮೆ. ಮಳೆ ಸೀಮೆಯವರಾದ ನಾವು ಮಾತ್ರ ಸ್ವಲ್ಪ ಅನುಮಾನದಿಂದಲೇ ನೋಡಬೇಕು.

ಯಾಕೆಂದರೆ ಇದು ಬರೀ ಚಂದದ ಪ್ರಶ್ನೆಯಲ್ಲ. ವಾಟ್ಸಾಪ್‌ನಲ್ಲಿ ಎರಡು ಚಿತ್ರ ಬರುತ್ತವೆ: ಎಡಗಡೆ ತುಂಬಿದ ಕೆರೆ, ಬಲಗಡೆ ಒಣಗಿದ ಕೆರೆ, ಕೆಳಗೆ 'ಹತ್ತು ವರ್ಷದಲ್ಲಿ ಕೆರೆ ಮಾಯ'. ಎಡಗಡೆಯದು ಡಿಸೆಂಬರ್, ಬಲಗಡೆಯದು ಏಪ್ರಿಲ್ ಆಗಿದ್ದರೆ? ಏಪ್ರಿಲ್‌ನಲ್ಲಿ ಬಯಲುಸೀಮೆಯ ಯಾವ ಕೆರೆ ತುಂಬಿರುತ್ತದೆ? ನಿಜವಾಗಿ ಒತ್ತುವರಿಯಾದ ಕೆರೆಗಳು ಬೇಕಾದಷ್ಟಿವೆ. ಹೀಗೆ ಸುಮ್ನೆ ಕೂಗಿದರೆ ಅವುಗಳ ಕೇಸೂ ಹಗುರವಾಗುತ್ತದೆ. ಸೈಟು ಮಾರುವವರು ಇದನ್ನೇ ಉಲ್ಟಾ ಮಾಡುತ್ತಾರೆ. ಬೇಸಿಗೆಯ ಚಿತ್ರ ಕಳಿಸಿ 'ನೋಡಿ ಸಾರ್, ಎಷ್ಟು ಮಟ್ಟಸವಾದ ಜಾಗ' ಅನ್ನುತ್ತಾರೆ. ಅದರ ನಡುವೆ ಹಾದುಹೋದ ತೆಳು ಗೆರೆ ರಾಜಕಾಲುವೆ ಅಂತ ಆಗಸ್ಟ್‌ನಲ್ಲಿ ಗೊತ್ತಾಗುತ್ತದೆ.

ಆದ್ದರಿಂದ ತಿಂಗಳು ನೋಡದೆ ವರ್ಷ ಹೋಲಿಸಬೇಡಿ. ಕಂಪ್ಯೂಟರಿನ ಗೂಗಲ್ ಅರ್ಥ್ ಪ್ರೋದಲ್ಲಿ ಗಡಿಯಾರದ ಗುರುತು ಒತ್ತಿದರೆ ಹಳೆಯ ಚಿತ್ರಗಳು ದಿನಾಂಕದ ಸಮೇತ ಬರುತ್ತವೆ. ಜನವರಿಯನ್ನು ಜನವರಿಯ ಪಕ್ಕದಲ್ಲೇ ಇಡಿ. ಮಳೆ ಕೈಕೊಟ್ಟ ವರ್ಷವೋ ಅಂತಲೂ ವಿಚಾರಿಸಿ.

ಮಳೆಗಾಲವನ್ನೇ ನೋಡಬೇಕು ಅನ್ನುವವರಿಗೆ ರೇಡಾರ್ ಇದೆ. ಅದು ಉಪಗ್ರಹದಿಂದ ತಾನೇ ರೇಡಿಯೋ ಅಲೆ ಕಳಿಸಿ, ಮರಳಿ ಬಂದದ್ದರಿಂದ ಚಿತ್ರ ಮಾಡುತ್ತದೆ. ಮೋಡವಿರಲಿ, ರಾತ್ರಿಯಿರಲಿ, ಅದಕ್ಕೆ ಲೆಕ್ಕವಿಲ್ಲ. ನಮ್ಮ ಇಸ್ರೋ 2012ರಲ್ಲಿ ರಿಸ್ಯಾಟ್-1, 2022ರಲ್ಲಿ ಇಒಎಸ್-04 ಹಾರಿಸಿದ್ದು ಇಂಥ ಕೆಲಸಕ್ಕೇ. ಇಸ್ರೋದ ನಕ್ಷೆ ತಾಣ ಭುವನ್ ಸ್ವಲ್ಪ ತಾಳ್ಮೆ ಕೇಳುತ್ತದೆ, ಒಪ್ಪೋಣ. ಆದರೆ ಪ್ರವಾಹದ ನಕ್ಷೆಗಳು ಅಲ್ಲಿವೆ. ಯುರೋಪಿನ ಕೋಪರ್ನಿಕಸ್ ಬ್ರೌಸರ್ ಎಂಬ ಉಪಗ್ರಹ ಚಿತ್ರಗಳ ತಾಣ ಕೂಡ ಉಚಿತ. ಅದರಲ್ಲಿ ರೇಡಾರ್ ಉಪಗ್ರಹ ಸೆಂಟಿನೆಲ್-1 ಆರಿಸಿ, ಜುಲೈನ ಒಂದು ದಿನಾಂಕ ಹಾಕಿ, ಲಿಂಗನಮಕ್ಕಿಗೆ ಹೋಗಿ. ಬಣ್ಣವಿಲ್ಲ, ಎಲ್ಲ ಬೂದಿ ಬೂದಿ. ಅಲುಗದ ನೀರು ಮಾತ್ರ ಕಪ್ಪಗೆ ಕಾಣುತ್ತದೆ. ದಿನಾಂಕ ಮುಂದೆ ತಳ್ಳುತ್ತಾ ಹೋಗಿ, ಹಿನ್ನೀರು ಯಾವ ಕಡೆಯಿಂದ ಏರುತ್ತದೆ ಅಂತ ನೀವೇ ಕಾಮೆಂಟ್‌ನಲ್ಲಿ ಬರೆಯಿರಿ.