ಡಿಸ್ಕ್ ಬಿಡಿ, ಡಬ್ಬಿ ಇದೆಯಾ?

ನಮಸ್ಕಾರ. ಹಳೇ ವಿಡಿಯೋ ಗೇಮ್ ಕೂಡಿಡುವ ಹವ್ಯಾಸ ನನಗಿದೆ ಅಂತ ಗೊತ್ತಾದರೆ ಸಾಕು, ಜನ ಕೇಳುವ ಪ್ರಶ್ನೆ ಒಂದೇ. "ನನ್ನ ಹತ್ರ ಮೆಟಲ್ ಗೇರ್ ಸಾಲಿಡ್ ಇದೆ, ಮಾರಿದರೆ ಎಷ್ಟು ಬರುತ್ತೆ?" ನಾನೂ ಒಂದೇ ಪ್ರಶ್ನೆ ತಿರುಗಿ ಕೇಳುತ್ತೇನೆ. "ಡಬ್ಬಿ ಇದೆಯಾ?" ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಡಬ್ಬಿ ಎಲ್ಲೋ ಹೋಯ್ತು, ಆದರೆ ಡಿಸ್ಕ್ ಚೆನ್ನಾಗಿದೆ" ಅಂತಾರೆ. ಡಿಸ್ಕ್ ಚೆನ್ನಾಗಿರಲಿ, ಸಂತೋಷ. ನಾನು ಕೇಳಿದ್ದು ಡಬ್ಬಿ.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಹಿಡಿಯೋ ಕೊಜಿಮಾ ರೂಪಿಸಿ, ಕೊನಾಮಿ ಕಂಪನಿ 1998ರಲ್ಲಿ ಮೊದಲ ಪ್ಲೇಸ್ಟೇಷನ್‌ಗೆ ತಂದ ಗೇಮ್ ಇದು. ಸೆಪ್ಟೆಂಬರ್‌ನಲ್ಲಿ ಜಪಾನಿನಲ್ಲಿ ಬಂತು, ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ. ಸ್ನೇಕ್ ಎಂಬ ಒಬ್ಬನೇ ಯೋಧ ಅಲಾಸ್ಕಾದ ಒಂದು ದ್ವೀಪಕ್ಕೆ ನುಸುಳಬೇಕು. ಢಂ ಢಂ ಅಂತ ಗುಂಡು ಹಾರಿಸುವ ಆಟವಲ್ಲ. ಕಾವಲುಗಾರರ ಕಣ್ಣಿಗೆ ಬೀಳದೆ ಗೋಡೆಗೆ ಒರಗಿ, ರಟ್ಟಿನ ಪೆಟ್ಟಿಗೆಯೊಳಗೆ ಅಡಗಿ ಮುಂದೆ ಹೋಗಬೇಕು. ಹಿಮದ ಮೇಲೆ ನಿಮ್ಮ ಹೆಜ್ಜೆಗುರುತು ಬಿದ್ದರೆ ಅದನ್ನೇ ನೋಡಿಕೊಂಡು ಹಿಂದೆ ಬರುತ್ತಾರೆ! 1998ರಲ್ಲಿ ಇದನ್ನು ಕಂಡು ನಾವೆಲ್ಲ ಬಾಯಿ ಬಿಟ್ಟುಕೊಂಡು ಕೂತಿದ್ದೆವು.

ಆದರೆ ಒಳ್ಳೆಯ ಗೇಮ್ ಅಂದ ಮಾತ್ರಕ್ಕೆ ಅಪರೂಪದ ಗೇಮ್ ಅಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಜನರ ತಲೆಗೆ ಹೋಗುವುದಿಲ್ಲ. ಇದು ಜಗತ್ತಿನಾದ್ಯಂತ 60 ಲಕ್ಷಕ್ಕೂ ಜಾಸ್ತಿ ಮಾರಾಟವಾಗಿದೆ. ಅಟ್ಟದ ಮೇಲೆ, ಕಪಾಟಿನ ಮೂಲೆಯಲ್ಲಿ ಬೇಕಾದಷ್ಟು ಬಿದ್ದಿವೆ. ಆಡಬೇಕು ಅನ್ನುವವರಿಗೆ ಹಳೇ ಡಿಸ್ಕೇ ಬೇಕು ಅಂತಲೂ ಇಲ್ಲ. ಅಮೆರಿಕದಲ್ಲಿ 2009ರಲ್ಲೇ ಡೌನ್‌ಲೋಡ್ ಮಾಡಿಕೊಳ್ಳುವಂತೆ ಬಂತು, 2023ರಲ್ಲಿ ಹೊಸ ಯಂತ್ರಗಳಿಗೆ ಸಂಪುಟವಾಗಿಯೂ ಬಂತು. ಹಾಗಾದರೆ ಹಳೆಯದನ್ನು ದುಡ್ಡು ಕೊಟ್ಟು ಕೊಳ್ಳುವವರು ಯಾರು? ಅದು ಅಂಗಡಿಯಿಂದ ಹೇಗೆ ಬಂದಿತ್ತೋ ಹಾಗೇ ಇಡಿಯಾಗಿ ಬೇಕು ಅನ್ನುವವರು. ಎರಡು ಡಿಸ್ಕ್, ಡಬ್ಬಿ, ಕೈಪಿಡಿ, ಡಬ್ಬಿಯ ಹಿಂಬದಿಯ ಕಾಗದ. ಈ ಹಿಂಬದಿಯ ಕಾಗದ ಅಂದೆನಲ್ಲ, ಅದರದ್ದೇ ಒಂದು ಕಥೆ ಇದೆ. ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ನನಗೆ ಪರಿಚಯದ ಒಬ್ಬರು ಈ ಗೇಮಿನ ಎರಡು ಡಿಸ್ಕನ್ನಷ್ಟೇ ಅಗ್ಗಕ್ಕೆ ಕೊಂಡುಕೊಂಡರು. "ಡಬ್ಬಿ ಕಟ್ಟಿಕೊಂಡು ಏನು ಮಾಡಲಿ, ಆಡೋದು ಡಿಸ್ಕ್ ಅಲ್ವಾ?" ಅಂತ ನನಗೇ ಪಾಠ ಹೇಳಿದರು. ಆಡತೊಡಗಿದರು. ಆಟದಲ್ಲಿ ಕೆನೆತ್ ಬೇಕರ್ ಅಂತ ಒಬ್ಬ ಮುದುಕ ಸಿಗುತ್ತಾನೆ, ಶಸ್ತ್ರಾಸ್ತ್ರ ಕಂಪನಿಯ ಯಜಮಾನ. ಮೆರಿಲ್ ಎಂಬ ಹುಡುಗಿಯನ್ನು ರೇಡಿಯೋದಲ್ಲಿ ಸಂಪರ್ಕಿಸು ಅಂತಾನೆ. ಅವಳ ತರಂಗಾಂತರ ಎಷ್ಟು? ಅದು ಸಿಡಿ ಡಬ್ಬಿಯ ಹಿಂಬದಿಯಲ್ಲಿದೆ ಅಂತ ಹೇಳುತ್ತಾನೆ. ಸ್ವಲ್ಪ ಹೊತ್ತಿಗೆ ಎದೆ ಹಿಡಿದುಕೊಂಡು ಸತ್ತೇ ಹೋಗುತ್ತಾನೆ. ಇನ್ನು ಯಾರನ್ನು ಕೇಳುವುದು?

ತಮಾಷೆ ಏನೆಂದರೆ, ಅದೇ ಬೇಕರ್ ಸ್ನೇಕ್‌ನ ಕೈಗೆ ಒಂದು ಡಿಸ್ಕ್ ಕೊಟ್ಟಿರುತ್ತಾನೆ. ಬೇಕರ್ ಹೇಳಿದ್ದು ಅದರ ಬಗ್ಗೆಯೇ ಅಂತ ನಮ್ಮವರು ಅಂದುಕೊಂಡರು. ಸಾಮಾನಿನ ಪಟ್ಟಿ ತೆರೆದು, ಆ ಡಿಸ್ಕನ್ನು ಹಿಂದೆ ಮುಂದೆ ನೋಡಿದ್ದೇ ನೋಡಿದ್ದು. ಏನೂ ಇಲ್ಲ. ಬಂದ ದಾರಿಯಲ್ಲೇ ವಾಪಸ್ ಹೋಗಿ, ಕೋಣೆ ಕೋಣೆ ತಡಕಿ, ಕಾವಲುಗಾರರ ಕೈಗೆ ಸಿಕ್ಕಿ ಏಟು ತಿಂದರು. ಕೊನೆಗೆ ರೇಡಿಯೋ ತೆರೆದು, 140.00ರಿಂದ ಒಂದೊಂದೇ ಅಂಕಿ ತಿರುಗಿಸುತ್ತ ಕೂತರು. ಆ ಹೊತ್ತಿಗೆ ತಾಳ್ಮೆ ಪೂರ್ತಿ ಕೆಟ್ಟಿತ್ತು. ನನಗೆ ಫೋನ್ ಮಾಡಿ, "ಈ ಡಿಸ್ಕ್ ಹಾಳಾಗಿದೆ ಕಣ್ರೀ" ಅಂದರು.

ನಾನು ನನ್ನ ಡಬ್ಬಿಯನ್ನು ಕೈಗೆ ತೆಗೆದುಕೊಂಡು ತಿರುಗಿಸಿದೆ. ಅಲ್ಲೇ ಇತ್ತು. ಹಿಂಬದಿಯಲ್ಲಿ ಅಚ್ಚಾದ ಪುಟ್ಟ ಪುಟ್ಟ ಚಿತ್ರಗಳಲ್ಲಿ ಒಂದರಲ್ಲಿ ರೇಡಿಯೋ ಪರದೆ, ಅದರಲ್ಲಿ ಮೆರಿಲ್ ಮುಖ, ನಡುವೆ ಹಸಿರು ಅಂಕಿಯಲ್ಲಿ 140.15. ಬೇಕರ್ ಹೇಳಿದ ಡಬ್ಬಿ ಆಟದೊಳಗಿನದ್ದಲ್ಲ! ನೀವು ದುಡ್ಡು ಕೊಟ್ಟು ಮನೆಗೆ ತಂದ ಡಬ್ಬಿ! ಗೇಮಿನ ಒಂದು ತುಂಡನ್ನು ಕೊಜಿಮಾ ಕಾಗದದ ಮೇಲೆ ಇಟ್ಟಿದ್ದರು. ನಾನು ಅಂಕಿ ಓದಿ ಹೇಳಿದೆ, ಅವರು ಮುಂದೆ ಹೋದರು. ಅಲ್ಲಿಗೆ ಮುಗಿಯಬೇಕಿತ್ತು, ಅಲ್ವಾ? ಮುಗಿಯಲಿಲ್ಲ. ಅಂಕಿ ಸಿಕ್ಕಮೇಲೂ ಆ ಮನುಷ್ಯ ಹುಡುಕಿಕೊಂಡು ಹೋಗಿ, ಡಬ್ಬಿ ಕೈಪಿಡಿ ಸಮೇತ ಇನ್ನೊಂದು ಸೆಟ್ ತಂದರು, ಡಿಸ್ಕಿಗೆ ಕೊಟ್ಟಿದ್ದಕ್ಕಿಂತ ಎಷ್ಟೋ ಜಾಸ್ತಿ ಕೊಟ್ಟು. ಮಾರುಕಟ್ಟೆ ಬೆಲೆ ಅನ್ನುವುದು ಹುಟ್ಟುವುದು ಹೀಗೆ.

ಆದ್ದರಿಂದ ಕೊಳ್ಳುವಾಗ ಡಬ್ಬಿ ತಿರುಗಿಸಿ ನೋಡಿ. ಪ್ಲಾಸ್ಟಿಕ್ ಬಿರುಕು ಬಿಟ್ಟಿದ್ದರೆ ಚಿಂತೆ ಬೇಡ, ಅಂಥದ್ದೇ ಖಾಲಿ ಡಬ್ಬಿ ಸಿಗುತ್ತದೆ. ಹಿಂಬದಿಯ ಕಾಗದ ಸಿಗುವುದಿಲ್ಲ. ಸಿಗುತ್ತದೆ ಅಂತ ಯಾರಾದರೂ ಕೊಟ್ಟರೆ, ಭೂತಗನ್ನಡಿ ಹಿಡಿದು ನೋಡಿ. ಕಾರ್ಖಾನೆಯ ಅಚ್ಚಿನಲ್ಲಿ ಬಣ್ಣದ ಚುಕ್ಕಿಗಳು ಸಾಲಾಗಿ ಕೂತಿರುತ್ತವೆ. ಮನೆಯ ಪ್ರಿಂಟರ್‌ನಲ್ಲಿ ತೆಗೆದದ್ದಾದರೆ ಶಾಯಿ ಎಲ್ಲೆಂದರಲ್ಲಿ ಚೆದುರಿರುತ್ತದೆ, ಸಣ್ಣ ಅಕ್ಷರಗಳ ಅಂಚು ಮಸುಕು. ಅಮೆರಿಕದ ಪ್ರತಿಯಾದರೆ ಮೊದಲ ಡಿಸ್ಕಿನ ಮೇಲೆ ಎಸ್‌ಎಲ್‌ಯುಎಸ್ 00594, ಎರಡನೆಯದರ ಮೇಲೆ 00776 ಅನ್ನುವ ಗುರುತಿನ ಸಂಖ್ಯೆ ಇರಬೇಕು. ಡಿಸ್ಕಿನ ತಳ ಕಪ್ಪಗಿರಬೇಕು. ಹಸಿರು ಪಟ್ಟಿಯ ಗ್ರೇಟೆಸ್ಟ್ ಹಿಟ್ಸ್ ಅಂತ ಇದ್ದರೆ ಅದು ಆಮೇಲಿನ ಅಗ್ಗದ ಮುದ್ರಣ. ಆಟ ಅದೇ, ಬೆಲೆ ಕಡಿಮೆ.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ. ಸೀಲ್ ಒಡೆಯದ ಪ್ರತಿಯ ಲೆಕ್ಕವೇ ಬೇರೆ. ಜುಲೈ 2021ರಲ್ಲಿ ಸೂಪರ್ ಮಾರಿಯೋ 64 ಎಂಬ ಇನ್ನೊಂದು ಹಳೇ ಗೇಮಿನ ಒಂದು ಪ್ರತಿ ಹರಾಜಿನಲ್ಲಿ 15 ಲಕ್ಷ 60 ಸಾವಿರ ಡಾಲರಿಗೆ ಹೋಯಿತು. ಅಂದಿನಿಂದ ಎಲ್ಲರಿಗೂ ತಮ್ಮ ಅಟ್ಟದಲ್ಲಿ ನಿಧಿ ಇದೆ ಅನ್ನಿಸತೊಡಗಿದೆ. ಅದು ಸೀಲ್ ಒಡೆಯದೆ, ಪರೀಕ್ಷೆಗೆ ಕೊಟ್ಟು ಬಹಳ ಮೇಲಿನ ದರ್ಜೆ ಪಡೆದ ಪ್ರತಿ ಸ್ವಾಮಿ. ನೀವು ಆಡಿ ಗೀರು ಬಿದ್ದ ಡಿಸ್ಕ್ ಅಲ್ಲ. ಆ ಹುಚ್ಚು ಆಮೇಲೆ ಇಳಿಯಿತು ಕೂಡ. ಹಳೇ ಡಬ್ಬಿಗೆ ಹೊಸ ಪ್ಲಾಸ್ಟಿಕ್ ಹೊದಿಸಿ ಸೀಲ್ ಅಂತ ಮಾರುವವರೂ ಇದ್ದಾರೆ.

ನಿಜವಾಗಿ ಅಪರೂಪದ್ದು ಬೇಕಾ? ಈ ಸರಣಿಯ ಎರಡನೆಯ ಗೇಮ್, ಮೆಟಲ್ ಗೇರ್ 2, 1990ರಲ್ಲಿ ಎಂಎಸ್‌ಎಕ್ಸ್2 ಕಂಪ್ಯೂಟರಿಗೆ ಬಂತು, ಅದೂ ಜಪಾನಿನಲ್ಲಿ ಮಾತ್ರ. ಅದರಲ್ಲೂ ಒಂದು ಕಡೆ ತಟ್ಟುವ ಸದ್ದಿನ ಸಂಕೇತ ಬಿಡಿಸಲು ಕೈಪಿಡಿ ನೋಡಬೇಕು, ಮತ್ತೆ ಕಾಗದ! ಇನ್ನು ಸಾಲಿಡ್ ಆಟವನ್ನೇ ಹೊಸದಾಗಿ ಮಾಡಿ 2004ರಲ್ಲಿ ನಿಂಟೆಂಡೊ ಕಂಪನಿಯ ಗೇಮ್‌ಕ್ಯೂಬ್‌ಗೆ ತಂದರು, ಟ್ವಿನ್ ಸ್ನೇಕ್ಸ್ ಅಂತ. ಅದು ಬೇರೆ ಯಾವ ಯಂತ್ರಕ್ಕೂ ಬರಲೇ ಇಲ್ಲ. ಹಾಗಾಗಿ ವಯಸ್ಸಿನಲ್ಲಿ ಚಿಕ್ಕದಾದರೂ 1998ರದ್ದಕ್ಕಿಂತ ದುಬಾರಿ. ಡಬ್ಬಿ ಸಮೇತ ಅಂತ ನಾನು ಬೇರೆ ಹೇಳಬೇಕಾ?

ಬೆಲೆ ನೋಡುವಾಗ ಮಾರುವವರು ಕೇಳಿದ್ದನ್ನು ನೋಡಬೇಡಿ. ಕೇಳುವುದಕ್ಕೇನು, ಯಾರು ಎಷ್ಟು ಬೇಕಾದರೂ ಕೇಳಬಹುದು. ಇಬೇಯಂಥ ಕಡೆ ಮಾರಾಟವಾದದ್ದನ್ನೇ ಬೇರೆಯಾಗಿ ತೋರಿಸುತ್ತಾರೆ, ಅದನ್ನು ನೋಡಿ. ಬಿಡಿ ಡಿಸ್ಕನ್ನು ಬಿಡಿ ಡಿಸ್ಕಿನ ಜೊತೆ, ಪೂರ್ತಿ ಸೆಟ್ಟನ್ನು ಪೂರ್ತಿ ಸೆಟ್ಟಿನ ಜೊತೆ ಹೋಲಿಸಿ. ಡಬ್ಬಿ ಇರುವವರು ಅದನ್ನು ಬಿಸಿಲು ಬೀಳದ ಕಡೆ ನಿಲ್ಲಿಸಿಡಿ, ಬದಿಯ ಬಣ್ಣ ಮಾಸುವುದೇ ಮೊದಲು. ಬೆಲೆಯ ಚೀಟಿ ಅಂಟಿದ್ದರೆ ಉಗುರಿನಿಂದ ಕೆರೆಯಬೇಡಿ, ಇದ್ದ ಹಾಗೇ ಇರಲಿ. ನಮಸ್ಕಾರ.