ಅಂದಾಜಿಗೆ ಮದ್ದಿಲ್ಲ

(ಬೀದರ್‌ನಲ್ಲಿ ಬಂದೂಕು ಲೈಸೆನ್ಸ್ ಇರುವ ರೈತರು ಮತ್ತು ರೈಫಲ್ ಶೂಟಿಂಗ್ ಕಲಿಯುವ ಹುಡುಗರ ಮುಂದೆ ಆಡಿದ ಮಾತು)

ಎಲ್ಲರಿಗೂ ಶರಣು ಶರಣಾರ್ಥಿ.

ಮೈಕ್ ಕೊಟ್ಟ ಹುಡುಗ ನನ್ನನ್ನು ಶಸ್ತ್ರಾಸ್ತ್ರ ತಜ್ಞರು ಅಂದ. ಅಷ್ಟು ದೊಡ್ಡದೇನಿಲ್ಲ. ಸೇನೆಯಲ್ಲಿ ಇಎಂಇಯ, ಅಂದರೆ ಯಂತ್ರ-ಉಪಕರಣ ರಿಪೇರಿ ಮಾಡುವ ವಿಭಾಗದ, ಆರ್ಮರರ್ ಆಗಿದ್ದೆ. ಬೇರೆಯವರು ಕೆಡಿಸಿ ತಂದ ಬಂದೂಕನ್ನು ರಿಪೇರಿ ಮಾಡುವವನು. ಬಂದೂಕು ನೋಡಿದರೆ ಅದನ್ನು ಕೆಡಿಸಿದವನ ಸ್ವಭಾವ ಹೇಳಬಲ್ಲೆ. ನನ್ನ ವಿದ್ಯೆ ಅಷ್ಟೇ.

ಇವತ್ತಿನ ಮಾತಿಗೆ ಕಾರಣ ಒಂದು ಪ್ಲಾಸ್ಟಿಕ್ ಚೀಲ. ಹೋದ ವರ್ಷ ತೊಗರಿ ಹೂವಿಗೆ ಬಂದ ಹೊತ್ತು. ನನ್ನ ಅಕ್ಕನ ಮಗ ಆ ಚೀಲ ಹಿಡಿದುಕೊಂಡು ಮನೆಗೆ ಬಂದ. ಅವನ ಹತ್ತಿರ ಒಂದು ಹನ್ನೆರಡು ಬೋರ್ ಬಂದೂಕು ಇದೆ, ಲೈಸೆನ್ಸೂ ಇದೆ, ಹೊಲಕ್ಕೆ ಹಂದಿ ಕಾಟವೂ ಇದೆ. ಚಹಾ ಕುಡಿದು ಚೀಲ ಬಿಚ್ಚಿದ. ಒಳಗೆ ಹಾರಿಸಿದ ಖಾಲಿ ತೋಟಾಗಳು. ಜೊತೆಗೆ ಪೇಪರಿನಲ್ಲಿ ಸುತ್ತಿದ ಒಂದು ಪೊಟ್ಟಣ.

"ಮಾಮಾ, ತೋಟಾ ಭಾಳ ತುಟ್ಟಿ ಆಗ್ಯಾವ. ಖಾಲಿವು ಕೂಡಿಟ್ಟೀನಿ. ಮನೆಯಾಗೇ ತುಂಬ್ತಾರ, ಮೊಬೈಲ್‌ನಾಗ ನೋಡೀನಿ. ನೀವು ಮಿಲಿಟ್ರಿಯಾಗ ಇದ್ದವ್ರು, ತುಂಬಿ ಕೊಡ್ರಿ."

"ಪೊಟ್ಟಣದಾಗ ಏನದ?"

"ಪಟಾಕಿ ಮದ್ದು. ಒಡೆದು ತೆಗೆದೀನಿ."

"ಒಂದಕ್ಕ ಎಷ್ಟು ಹಾಕಬೇಕಂತ ಮಾಡೀದಿ?"

"ಅಂದಾಜ್ ಒಂದ್ ಚಮಚ."

ಪಟಾಕಿ ಮದ್ದಿಗೆ ಗುಂಡನ್ನು ತಳ್ಳಿ ಗೊತ್ತಿಲ್ಲ. ಅದಕ್ಕೆ ಸಿಡಿಯುವುದೊಂದೇ ಗೊತ್ತು. ಅದನ್ನು ತೋಟಾದಲ್ಲಿ ತುಂಬಿ ಬಂದೂಕಿಗೆ ಹಾಕಿದರೆ ಕೆನ್ನೆಗೆ ಬಾಂಬ್ ಒತ್ತಿಕೊಂಡು ಕೂತ ಹಾಗೆ. ಪೊಟ್ಟಣ ಮುಟ್ಟಬೇಡ, ಬೀಡಿ ಹಚ್ಚಬೇಡ ಅಂತ ಅವನನ್ನು ಅಂಗಳಕ್ಕೆ ಕಳಿಸಿ ನಾನೇ ಠಾಣೆಗೆ ಫೋನ್ ಮಾಡಿದೆ. ಅವನಿಗೆ ಸಿಟ್ಟು ಬಂತು. ಅಕ್ಕನಿಗೂ ಬಂತು. ಆ ದೀಪಾವಳಿಗೆ ನಮ್ಮ ಮನೆಗೆ ಅವರ ಕಡೆಯಿಂದ ಕರಜಿಕಾಯಿ ಬರಲಿಲ್ಲ.

ಈಗ ಆ 'ಅಂದಾಜ್ ಒಂದ್ ಚಮಚ' ಅನ್ನೋದಕ್ಕೆ ಬರುತ್ತೇನೆ. ಅಂದಾಜನ್ನು ನಾನು ಹೀಯಾಳಿಸುವುದಿಲ್ಲ. ನನ್ನ ಅವ್ವ ಜೋಳದ ಹಿಟ್ಟಿಗೆ ಬಿಸಿನೀರು ಹಾಕುವಾಗ ಯಾವ ಲೋಟವನ್ನೂ ಹಿಡಿಯಲಿಲ್ಲ, ರೊಟ್ಟಿ ಒಂದು ದಿನವೂ ಹರಿಯಲಿಲ್ಲ. ನಮ್ಮ ಬಿದರಿ ಕೆಲಸದವರು ಕೋಟೆಯ ಮಣ್ಣನ್ನು ನಾಲಿಗೆಗೆ ಹಚ್ಚಿ ನೋಡಿ ಇದು ನಡೆಯುತ್ತದೆ, ಇದು ನಡೆಯೋದಿಲ್ಲ ಅಂತಾರೆ. ಅದು ದೊಡ್ಡ ವಿದ್ಯೆ. ಆದರೆ ರೊಟ್ಟಿ ಕೆಟ್ಟರೆ ಎಮ್ಮೆಗೆ ಹಾಕಬಹುದು. ಮದ್ದು ಕೆಟ್ಟರೆ ಯಾರಿಗೆ ಹಾಕ್ತೀರಿ?

ಮದ್ದು ಅಂದರೆ ಔಷಧಿ, ಮದ್ದು ಅಂದರೆ ಸಿಡಿಮದ್ದು. ಎರಡಕ್ಕೂ ಒಂದೇ ಹೆಸರಿಟ್ಟ ಹಿರಿಯರು ಜಾಣರು ಅಂತ ನನಗೆ ಯಾವಾಗಲೂ ಅನಿಸುತ್ತದೆ. ಎರಡರಲ್ಲೂ ಪ್ರಮಾಣವೇ ಜೀವ.

ಮದ್ದಿನ ವಿಷಯ ಬೀದರ್‌ನವರಿಗೆ ಹೊಸದಲ್ಲ. 1657ರಲ್ಲಿ ಔರಂಗಜೇಬ್, ಆಗಿನ್ನೂ ಶಹಜಾದೆ, ಈ ಕೋಟೆಗೆ ಮುತ್ತಿಗೆ ಹಾಕಿದ್ದ. ಕಿಲ್ಲೇದಾರ ಸಿದ್ದಿ ಮರ್ಜಾನ್, ವಯಸ್ಸಾದವನು, ಬಿಟ್ಟುಕೊಡಲಿಲ್ಲ. ಕೊನೆಗೆ ಒಂದು ಬುರುಜಿನ ಹತ್ತಿರ ಕೂಡಿಟ್ಟಿದ್ದ ಮದ್ದಿನ ಮೇಲೆ ಮೊಘಲರ ಅಗ್ನಿಬಾಣದ ಕಿಡಿ ಬಿತ್ತು. ಮರ್ಜಾನ್ ಸುಟ್ಟುಹೋದ, ಕೋಟೆ ಬಿತ್ತು. ಅದಾದ ಮೇಲೆ, 1690ರ ದಶಕದಲ್ಲಿ, ಗವಾನ್ ಮದರಸಾ. 1472ರಲ್ಲಿ ಕಟ್ಟಿದ್ದು. ದಿನಾ ಅದರ ಮುಂದೆ ಓಡಾಡ್ತೀರಿ. ಎರಡು ಮಿನಾರ್ ಇರಬೇಕಾದಲ್ಲಿ ಒಂದೇ ಯಾಕಿದೆ ಅಂತ ಯಾವತ್ತಾದರೂ ಕೇಳಿದ್ದೀರಾ? ಮದ್ದು ಸಿಡಿದು ಹೋದದ್ದು ಅದು. ಓದುವ ಹುಡುಗರಿಗೆ ಕಟ್ಟಿದ ಮನೆಯನ್ನು ಮದ್ದು ಅರ್ಧ ತಿಂದುಹಾಕಿತು. ಪ್ರವಾಸಿಗರಿಗೆ ಆ ನೀಲಿ ಹೆಂಚು ತೋರಿಸುವಾಗ ಮುರಿದ ಕಡೆಯನ್ನೂ ತೋರಿಸ್ರಿ.

ಇರಲಿ, ಅಮೆರಿಕಕ್ಕೆ ಹೋಗೋಣ. ಮಗಳು ಟೆಕ್ಸಾಸ್‌ನಲ್ಲಿದ್ದಾಳೆ. ಮೊಮ್ಮಗನನ್ನು ನೋಡಲು ಹೋದವನು ನಾನು ಜಾಸ್ತಿ ಹೊತ್ತು ಕಳೆದದ್ದು ಪಕ್ಕದ ಮನೆಯ ಅಜ್ಜನ ಗ್ಯಾರೇಜಿನಲ್ಲಿ. ಅಲ್ಲಿ ನವೆಂಬರ್ ಬಂದರೆ ಜಿಂಕೆ ಬೇಟೆಯ ಸೀಸನ್, ಕಾನೂನುಬದ್ಧ. ಅಜ್ಜನದು ಥರ್ಟಿ ಆಟ್ ಸಿಕ್ಸ್ ರೈಫಲ್. ಆ ಸಿಕ್ಸ್ ಅಂದರೆ 1906, ಆ ತೋಟಾ ಹುಟ್ಟಿದ ವರ್ಷ. ತೋಟಾಗಳನ್ನು ಅಜ್ಜ ತಾನೇ ತುಂಬಿಕೊಳ್ಳುತ್ತಿದ್ದ. ಅಲ್ಲಿ ಅದೊಂದು ಹವ್ಯಾಸ, ನಮ್ಮಲ್ಲಿ ಕೆಲವರು ಹಳೇ ರೇಡಿಯೋ ರಿಪೇರಿ ಮಾಡೋ ಹಾಗೆ.

ಒಂದು ಮೇಜು. ಮೇಜಿನ ಮೇಲೆ ಒಂದೇ ಒಂದು ಮದ್ದಿನ ಡಬ್ಬಿ. ಬೇರೆ ಜಾತಿಯ ಮದ್ದೆಲ್ಲ ಕಪಾಟಿನಲ್ಲಿ, ತಮ್ಮ ತಮ್ಮ ಮೂಲ ಡಬ್ಬಿಯಲ್ಲೇ. ಯಾಕೆಂದರೆ ಎಲ್ಲ ಮದ್ದೂ ನೋಡಲು ಒಂದೇ ತರಹ, ಕರಿ ಕರಿ ಕಾಳು. ಒಂದು ಸರ್ರನೆ ಉರಿಯುತ್ತದೆ, ಇನ್ನೊಂದು ನಿಧಾನಕ್ಕೆ. ಪಿಸ್ತೂಲಿನ ಬೇಗ ಉರಿಯುವ ಮದ್ದನ್ನು ರೈಫಲ್ಲಿನ ಅಳತೆಯಲ್ಲಿ ತುಂಬಿದರೆ ರೈಫಲ್ ಒಡೆಯುತ್ತದೆ. ಡಬ್ಬಿ ಬದಲಾದರೆ ಸಾಕು, ಮನುಷ್ಯ ಹೋದ.

ಪಕ್ಕದಲ್ಲಿ ಮರದ ಹಲಗೆ, ಅದರಲ್ಲಿ ಐವತ್ತು ಕುಳಿ. ಖಾಲಿ ತೋಟಾಗಳನ್ನು ಮೊದಲು ಬಾಯಿ ಕೆಳಗೆ ಮಾಡಿ ನಿಲ್ಲಿಸುತ್ತಿದ್ದ. ಒಂದನ್ನು ಎತ್ತಿ, ಮದ್ದನ್ನು ತಕ್ಕಡಿಯಲ್ಲಿ ತೂಗಿ ಹಾಕಿ, ಬಾಯಿ ಮೇಲೆ ಮಾಡಿ ಇಡುತ್ತಿದ್ದ. ಹಾಗಾಗಿ ಮದ್ದು ಹಾಕಿದ್ದು ಯಾವುದು, ಹಾಕದ್ದು ಯಾವುದು, ನೋಡಿದರೆ ಗೊತ್ತಾಗುತ್ತದೆ. ಗ್ರೇನ್ ಅಂತ ಅವರ ಲೆಕ್ಕ. ಒಂದು ಗ್ರೇನ್ ಸುಮಾರು 65 ಮಿಲಿಗ್ರಾಂ, ಎರಡು ಜೋಳದ ಕಾಳಿನ ತೂಕ. ಅದರಲ್ಲೂ ಹತ್ತರ ಒಂದು ಭಾಗ ನೋಡುತ್ತಿದ್ದ. ಫ್ಯಾನ್ ಹಾಕಲು ಬಿಡುತ್ತಿರಲಿಲ್ಲ, ಗಾಳಿಗೆ ತಕ್ಕಡಿ ಅಲ್ಲಾಡುತ್ತದಂತೆ. ನಾನು ಬೆವರುತ್ತಾ ಕೂತಿದ್ದೆ.

ಮೂವತ್ತೊಂದು ತುಂಬಿದ್ದ. ಒಳಗಿನಿಂದ ಅಜ್ಜಿ ಕರೆದಳು. ಎದ್ದು ಹೋದ, ಎರಡು ನಿಮಿಷ ಮಾತಾಡಿ ಬಂದ. ಕೂತ. ಹಲಗೆ ನೋಡಿದ. ಆಮೇಲೆ ಮೂವತ್ತೊಂದನ್ನೂ ಒಂದೊಂದಾಗಿ ಬಗ್ಗಿಸಿ ಮದ್ದನ್ನೆಲ್ಲ ಡಬ್ಬಿಗೆ ಸುರಿದ. ಯಾಕೆ ಅಂದೆ. ಮೂವತ್ತೊಂದೋ ಮೂವತ್ತೆರಡೋ, ಕೊನೆಯದಕ್ಕೆ ಹಾಕಿದೆನೋ ಇಲ್ಲವೋ ಅನುಮಾನ ಬಂತು ಅಂದ. ಟಾರ್ಚ್ ಹಾಕಿ ಬಾಯಿ ನೋಡಿದರೆ ತಿಳಿಯುತ್ತಿತ್ತಲ್ಲ ಅಂದೆ. ಟಾರ್ಚ್ ಹಾಕಿ ನೋಡೋದು ಅನುಮಾನ ಇಲ್ಲದಾಗ, ಅನುಮಾನ ಬಂದರೆ ಸುರಿಯೋದೇ ಅಂದ. ನಾನು ಸೇನೆಯಲ್ಲಿ ದೊಡ್ಡ ದೊಡ್ಡ ಇನ್ಸ್‌ಪೆಕ್ಷನ್ ನೋಡಿದವನು. ಇಂಥ ಇನ್ಸ್‌ಪೆಕ್ಟರ್‌ನನ್ನು ನೋಡಿರಲಿಲ್ಲ.

ಎಷ್ಟು ಗ್ರೇನ್ ಹಾಕುತ್ತಿದ್ದ ಅಂತ ಮೊನ್ನೆ ಒಬ್ಬ ಹುಡುಗ ಕೇಳಿದ. ಹೇಳೋದಿಲ್ಲ. ಮುಚ್ಚಿಡಬೇಕು ಅಂತಲ್ಲ. ಒಬ್ಬನ ಬಂದೂಕಿಗೆ ಸರಿಹೋದ ಅಂಕಿ ಇನ್ನೊಬ್ಬನ ಬಂದೂಕನ್ನು ಒಡೆಯಬಹುದು. ಅಜ್ಜನೂ ಮದ್ದಿನ ಕಂಪನಿ ಅಚ್ಚು ಹಾಕಿದ ಪುಸ್ತಕ ಮುಂದಿಟ್ಟುಕೊಂಡೇ ಕೂರುತ್ತಿದ್ದ. ಗರಿಷ್ಠ ಪ್ರಮಾಣಕ್ಕಿಂತ ಹತ್ತರಲ್ಲಿ ಒಂದು ಭಾಗ ಕಡಿಮೆಯಿಂದ ಶುರು ಮಾಡುತ್ತಿದ್ದ. ಗೆಳೆಯ ಹೇಳಿದ, ಫೋನಿನಲ್ಲಿ ನೋಡಿದೆ, ಇವೆಲ್ಲ ಅಂದಾಜಿನ ತಮ್ಮಂದಿರು.

ಇಷ್ಟೊಂದು ಯಾಕೆ? ನಿಮ್ಮ ಬೈಕಿನ ಟೈರಿನಲ್ಲಿ ಸುಮಾರು 30 ಪೌಂಡ್ ಗಾಳಿ. ಆ ರೈಫಲ್ಲಿನ ಒಳಗೆ ಕುದುರೆ ಎಳೆದ ಕ್ಷಣ 60,000 ಪೌಂಡ್ ತನಕ ಹೋಗಬಹುದು. ಎರಡು ಸಾವಿರ ಪಟ್ಟು, ನಿಮ್ಮ ಕಣ್ಣಿನಿಂದ ಒಂದು ಗೇಣು ದೂರದಲ್ಲಿ. ಅದನ್ನು ತಡೆಯೋದು ತೋಟಾದ ಹಿತ್ತಾಳೆಯ ತೆಳು ಬುಡ್ಡಿ ಮತ್ತು ಅದರ ಹಿಂದಿನ ಉಕ್ಕು. ಹಿತ್ತಾಳೆ ಉಬ್ಬಿ ನಳಿಕೆಯ ಗೋಡೆಗೆ ಅಂಟುತ್ತದೆ, ಆಮೇಲೆ ಸ್ವಲ್ಪ ಕುಗ್ಗುತ್ತದೆ. ಹೀಗೆ ಸಲ ಸಲ ಆದರೆ ತಂತಿ ಬಗ್ಗಿಸಿ ಬಗ್ಗಿಸಿ ಮುರಿದ ಹಾಗೆ ಬುಡದ ಹತ್ತಿರ ತೆಳ್ಳಗಾಗುತ್ತದೆ. ಹೊರಗೆ ಒಂದು ಹೊಳೆಯುವ ಗೆರೆ ಕಾಣುತ್ತದೆ. ಅಜ್ಜ ತಂತಿಯ ತುದಿ ಬಗ್ಗಿಸಿ ಒಳಗೆ ಹಾಕಿ ಕೆರೆದು ನೋಡುತ್ತಿದ್ದ. ತುದಿ ಸಿಕ್ಕಿಕೊಂಡರೆ ಬುಡ್ಡಿ ಕಸಕ್ಕೆ. ತುಟ್ಟಿ ಅಂತ ಯಾವತ್ತೂ ಅನ್ನಲಿಲ್ಲ.

ನಮ್ಮ ದೇಶದ ಮಾತು ಬೇರೆ. 1959ರ ಆಯುಧ ಕಾಯ್ದೆ ಪ್ರಕಾರ ತೋಟಾ ತಯಾರಿಸಲು ಬೇರೆಯೇ ಲೈಸೆನ್ಸ್ ಬೇಕು. ನಿಮ್ಮ ಕೈಯಲ್ಲಿರುವುದು ಬಂದೂಕು ಇಟ್ಟುಕೊಳ್ಳುವ ಲೈಸೆನ್ಸ್. ಬೇಟೆಯಂತೂ 1972ರ ವನ್ಯಜೀವಿ ಕಾಯ್ದೆಯಿಂದ ನಿಂತೇ ಹೋಯಿತು. ಹೊಲಕ್ಕೆ ಬರುವ ಚಿಗರಿಗೆ ಗುಂಡು ಹಾರಿಸಿದರೆ ಜೈಲು. ಹಾಗಾದರೆ ಆ ಅಜ್ಜನ ಕಥೆ ನಮಗೆ ಯಾಕೆ? ಕಾನೂನು ಬಿಟ್ಟಲ್ಲಿ, ಪುಸ್ತಕ, ತಕ್ಕಡಿ, ಕನ್ನಡಕ ಎಲ್ಲ ಇದ್ದವನೇ ಮೂವತ್ತೊಂದು ಸುರಿಯುತ್ತಾನೆ. ನಾವು ಚಮಚ ಹಿಡಿದು ಕೂರೋದಾ?

ಚೀಟಿ ಬಂತು, ಹತ್ತು ನಿಮಿಷ ಅಂತೆ. ಬೇಗ ಬೇಗ ಹೇಳಿಬಿಡುತ್ತೇನೆ.

ಕುದುರೆ ಎಳೆದಾಗ ಢಂ ಅನ್ನದೆ ಠುಸ್ ಅಂದರೆ ನಿಲ್ಲಿಸ್ರಿ. ಗುಂಡು ನಳಿಕೆಯಲ್ಲೇ ಸಿಕ್ಕಿರಬಹುದು, ಹಿಂದೆ ಇನ್ನೊಂದು ಹಾರಿಸಿದರೆ ನಳಿಕೆ ಸೀಳುತ್ತದೆ. ಏನೂ ಸದ್ದೇ ಇಲ್ಲ ಅಂದರೆ ಮೂತಿ ಖಾಲಿ ಕಡೆಗೆ ಇಟ್ಟು ಅರ್ಧ ನಿಮಿಷವಾದರೂ ಕಾಯ್ರಿ, ಮದ್ದು ತಡವಾಗಿ ಹೊತ್ತಬಹುದು. ತಕ್ಷಣ ತೆರೆದು ಇಣುಕಬೇಡಿ. ಹನ್ನೆರಡು ಬೋರಿನ ಜೇಬಿನಲ್ಲಿ ಇಪ್ಪತ್ತು ಬೋರಿನ ತೋಟಾ ಇಡಬೇಡಿ. ಇಪ್ಪತ್ತು ಅಂದರೂ ಅದು ಹನ್ನೆರಡಕ್ಕಿಂತ ಸಣ್ಣದು, ಜಾರಿ ನಳಿಕೆಯೊಳಗೆ ಕೂರುತ್ತದೆ, ಖಾಲಿ ಇದೆ ಅಂತ ಹಿಂದೆ ಹನ್ನೆರಡು ಹಾಕ್ತೀರಿ. ಆಮೇಲೆ ಬಿಸಿಲು. ಮೇ ತಿಂಗಳ ಕಲಬುರಗಿ ಬಿಸಿಲಿನಲ್ಲಿ ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ತೋಟಾ ಬಿಟ್ಟು ಮದುವೆ ಊಟಕ್ಕೆ ಹೋಗುವವರನ್ನು ನೋಡಿದ್ದೇನೆ. ಮದ್ದು ಕಾದಷ್ಟೂ ಒತ್ತಡ ಜಾಸ್ತಿ. ಬಂದೂಕು ಒಂದು ಕಡೆ, ತೋಟಾ ಇನ್ನೊಂದು ಕಡೆ, ಎರಡಕ್ಕೂ ಬೀಗ. ಬೀಗದ ಕೈ ಮೊಳೆಗೆ ನೇತುಹಾಕಿದರೆ ಅದು ಬೀಗ ಅಲ್ಲ, ಅಲ್ವಾ?

ಹಳೇ ತೋಟಾ ಹಸಿರುಗಟ್ಟಿದ್ದರೆ ಲೈಸೆನ್ಸ್ ಇರುವ ಅಂಗಡಿಯವರನ್ನೋ ಠಾಣೆಯನ್ನೋ ಕೇಳ್ರಿ. ಒಲೆಗೆ ಹಾಕಬೇಡಿ, ಬಾವಿಗೂ ಹಾಕಬೇಡಿ. ಶೂಟಿಂಗ್ ಮಕ್ಕಳಿಗೆ ಇನ್ನೂ ಹೇಳುವುದಿತ್ತು, ಗುಂಡಿನ ಸೀಸ ಹತ್ತಿದ ಕೈಯಲ್ಲಿ ಬಿಸ್ಕತ್ತು ತಿನ್ನಬಾರದು ಅನ್ನೋದು ಸೇರಿ. ಅದು ಚಹಾ ಹೊತ್ತಿಗೆ ಆಗಲಿ, ಕೈ ತೊಳೆದುಕೊಂಡು ಬನ್ನಿ.

ನನ್ನ ಆ ಅಕ್ಕನ ಮಗ ಮೂರನೇ ಸಾಲಿನಲ್ಲಿ ಕೂತಿದ್ದಾನೆ. ಬೆಳಿಗ್ಗೆ ಬೈಕಿನಲ್ಲಿ ಅವನೇ ಕರೆದುಕೊಂಡು ಬಂದ. ದಾರಿಯುದ್ದಕ್ಕೂ ಒಂದೇ ಮಾತು: "ಮಾಮಾ, ಕಥಿ ಹೇಳ್ರಿ, ಹೆಸರು ಹೇಳಬ್ಯಾಡ್ರಿ." ಹೇಳಿಲ್ಲ, ನೋಡ್ರಿ.